ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಮಂಡಿ ಉಳಿಸುವ ಇಪ್ಪತ್ತು ನಿಮಿಷ: ಕೋಚ್‌ಗಳಿಗೆ ಒಬ್ಬ ಫಿಸಿಯೋ ಹೇಳುವುದು

2022ರ ನವೆಂಬರ್‌ನಿಂದ 2023ರ ಮೇ ತಿಂಗಳೊಳಗೆ ಲಂಡನ್ನಿನ ಆರ್ಸೆನಲ್ ಮಹಿಳಾ ತಂಡದಲ್ಲಿ ನಾಲ್ವರಿಗೆ ಎಸಿಎಲ್, ಅಂದರೆ ಮಂಡಿಯೊಳಗಿನ ಮುಖ್ಯವಾದ ಒಂದು ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ) ಹರಿಯಿತು. ಬೆತ್ ಮೀಡ್, ವಿವಿಯಾನ್ ಮೀಡೆಮಾ, ಲಿಯಾ ವಿಲಿಯಮ್ಸನ್, ಲಾರಾ ವೀನ್‌ರೋಯ್ಟರ್. ಮೊದಲ ಮೂವರಿಗೆ ಆ ವರ್ಷದ ವಿಶ್ವಕಪ್ ತಪ್ಪಿಹೋಯಿತು. ವಿಲಿಯಮ್ಸನ್ ಅಂತೂ ಇಂಗ್ಲೆಂಡ್ ತಂಡದ ಕ್ಯಾಪ್ಟನ್. ಇದನ್ನು ಹೇಳಿ ಕೋಚ್‌ಗಳು ನನ್ನನ್ನು ಕೇಳುತ್ತಾರೆ: "ಮೇಡಂ, ಅಷ್ಟು ದುಡ್ಡು, ಅಷ್ಟು ಡಾಕ್ಟರ್‌ಗಳು ಇರೋ ಕಡೆನೇ ಹೀಗಾದ್ರೆ ನಮ್ಮ ಕೈಲಿ ಏನಾಗುತ್ತೆ?"

ಆಗುತ್ತೆ. ಯಾಕೆಂದರೆ ಈ ವಿಷಯದಲ್ಲಿ ಗಟ್ಟಿ ಪುರಾವೆ ಬಂದಿದ್ದು ದೊಡ್ಡ ಕ್ಲಬ್‌ಗಳಿಂದ ಅಲ್ಲ, ಹದಿಹರೆಯದ ಹುಡುಗಿಯರ ಸಾಮಾನ್ಯ ಕ್ಲಬ್‌ಗಳಿಂದ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಹುಡುಗಿಯರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಈಗ ಎಲ್ಲರೂ 'ಫಿಫಾ 11+' ಅನ್ನುವ ವಾರ್ಮ್ ಅಪ್ಪನ್ನು ಅರ್ಧದಷ್ಟು ಕ್ಲಬ್‌ಗಳು ಮಾಡಿದವು, ಉಳಿದವು ತಮ್ಮ ಹಳೇ ಪದ್ಧತಿಯಲ್ಲೇ ನಡೆದವು. 11+ ಮಾಡಿದ ಕಡೆ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆ. ದೊಡ್ಡ ಗಾಯಗಳು ಹತ್ತಿರತ್ತಿರ ಅರ್ಧಕ್ಕೆ ಇಳಿದವು. 2012ರಲ್ಲಿ ಸ್ವೀಡನ್ನಿನವರು ನಾಲ್ಕೂವರೆ ಸಾವಿರ ಹುಡುಗಿಯರ ಮೇಲೆ ತಮ್ಮ 'ಕ್ನೇಕಂಟ್ರೋಲ್' ಅನ್ನುವ ಹದಿನೈದು ನಿಮಿಷದ ಕಾರ್ಯಕ್ರಮ ಪರೀಕ್ಷೆ ಮಾಡಿದರು. ಎಸಿಎಲ್ ಗಾಯ 64% ಕಡಿಮೆ. ಜಿಮ್ ಬೇಕಿರಲಿಲ್ಲ, ಮಷೀನ್ ಬೇಕಿರಲಿಲ್ಲ. ಒಂದು ಬಾಲು, ಒಬ್ಬಳು ಜೊತೆಗಾತಿ ಸಾಕು.

ನಾನು ಬೆಂಗಳೂರಿನಲ್ಲಿ ಒಂದು ಹುಡುಗಿಯರ ಅಕಾಡೆಮಿಗೂ ರಾಜ್ಯ ಲೀಗ್ ಆಡುವ ಒಂದು ಸೀನಿಯರ್ ತಂಡಕ್ಕೂ ಫಿಸಿಯೋ. ಇಲ್ಲಿ ಬರೆದಿರುವುದು ಕೋಚ್‌ಗಳಿಗೆ, ಪಿ.ಟಿ. ಟೀಚರ್‌ಗಳಿಗೆ. ಫಿಸಿಯೋ ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ದಿನಾ ಗ್ರೌಂಡಿನಲ್ಲಿ ಇರುವವರು ನೀವು. ಈ ಕೆಲಸ ನಿಮ್ಮದಾದರೆ ಮಾತ್ರ ನಡೆಯುತ್ತೆ.

ಹರಿಯುವುದು ಹೇಗೆ

ತಿಳಿಯದೆ ಮಾಡಿಸಿದರೆ ಇದು ಬರೀ ಡ್ರಿಲ್ ಆಗುತ್ತೆ. ಅದಕ್ಕೇ ಮೊದಲು ಇಷ್ಟು.

ಫುಟ್‌ಬಾಲಿನಲ್ಲಿ ಹೆಣ್ಣುಮಕ್ಕಳಿಗೆ ಎಸಿಎಲ್ ಗಾಯ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಬಹಳಷ್ಟು ಸಲ ಮಂಡಿಗೆ ಯಾರೂ ಒದ್ದಿರುವುದಿಲ್ಲ. ಎದುರಾಳಿಯನ್ನು ಪ್ರೆಸ್ ಮಾಡಲು, ಅಂದರೆ ಮೈಮೇಲೆ ಹೋಗಿ ಬಾಲ್ ಕಸಿಯಲು, ನಮ್ಮ ಹುಡುಗಿ ಜೋರಾಗಿ ಓಡಿ ಬರುತ್ತಾಳೆ. ಎದುರಾಳಿ ಬಾಲನ್ನು ಪಕ್ಕಕ್ಕೆ ಸರಿಸುತ್ತಾಳೆ. ಇವಳು ಕಾಲೂರಿ ತಿರುಗಲು ಹೋಗುತ್ತಾಳೆ. ಪಾದ ನೆಲಕ್ಕೆ ಕಚ್ಚಿಕೊಂಡಿದೆ, ಮಂಡಿ ಹೆಚ್ಚುಕಮ್ಮಿ ನೆಟ್ಟಗಿದೆ, ಮೈ ಒಂದು ಪಕ್ಕಕ್ಕೆ ವಾಲಿದೆ. ಮಂಡಿ ಒಳಗೆ ಕುಸಿಯುತ್ತೆ. ಪಾದ ನೆಲ ಮುಟ್ಟಿದ ಮೇಲೆ ಇಷ್ಟೆಲ್ಲಾ ಆಗುವುದಕ್ಕೆ ಸುಮಾರು 50 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಯಾರೂ ಯೋಚನೆ ಮಾಡಿ ಮಂಡಿ ಸರಿ ಮಾಡಿಕೊಳ್ಳಲಾರರು. ಕಾಲೂರುವ ಮೊದಲೇ ಮೈಗೆ ಅಭ್ಯಾಸವಾಗಿರಬೇಕು.

ಹೆಂಗಸರ ಸೊಂಟ ಅಗಲ, ಹಾರ್ಮೋನು, ಹಾಗೆ ಹೀಗೆ ಅಂತ ಕಾರಣ ಹೇಳುವುದು ಬಹಳ ಕೇಳಿದ್ದೇನೆ. ಇರಬಹುದು. ಆದರೆ ಸೊಂಟದ ಅಗಲವನ್ನು ಕೋಚ್ ಬದಲಾಯಿಸಲು ಆಗುತ್ತಾ? ಬದಲಾಯಿಸಬಹುದಾದ್ದು ಬೇರೆ ಇದೆ. ಹುಡುಗಿಯರು ಹನ್ನೊಂದರಿಂದ ಹದಿನಾಲ್ಕರ ನಡುವೆ ಸರಸರ ಎತ್ತರವಾಗುತ್ತಾರೆ. ಹುಡುಗರಿಗೆ ಅವರು ಬೆಳೆಯುವ ಕಾಲದಲ್ಲಿ ಎತ್ತರದ ಜೊತೆ ಮಾಂಸಖಂಡದ ಬಲವೂ ತಾನಾಗೇ ಬರುತ್ತೆ. ಹುಡುಗಿಯರಿಗೆ ಅಷ್ಟು ಬರುವುದಿಲ್ಲ, ತರಬೇತಿಯಿಂದ ಬರಬೇಕು. ನಮ್ಮಲ್ಲಿ ಎಷ್ಟೋ ಹುಡುಗಿಯರಿಗೆ ಅಕಾಡೆಮಿಗೆ ಬರುವ ತನಕ ಒಂದು ಸ್ಕ್ವಾಟ್ (ಬಸ್ಕಿ) ಕೂಡ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲ ದಿನ: ಫೋನ್ ಇಟ್ಟು ನೋಡಿ

ಕಿಟ್ ಬ್ಯಾಗ್ ಮೇಲೆ ಫೋನನ್ನು ಮಂಡಿ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ. ಸ್ಲೋ ಮೋಷನ್ ಹಾಕಿ. ಮೂರು ಮೀಟರ್ ದೂರದಲ್ಲಿ ಒಂದು ಅಡಿ ಎತ್ತರದ ಮೆಟ್ಟಿಲೋ ಬೆಂಚೋ ಇರಲಿ. ಹುಡುಗಿ ಅಲ್ಲಿಂದ ಎರಡೂ ಕಾಲಿಗೆ ಇಳಿದು, ಇಳಿದ ತಕ್ಷಣ ಹೆಡ್ ಮಾಡುವ ಹಾಗೆ ಮೇಲಕ್ಕೆ ಹಾರಬೇಕು. ಮೂರು ಸಲ. ಆಮೇಲೆ ಒಂದೊಂದೇ ಕಾಲಿನ ಮೇಲೆ ಐದು ಸ್ಕ್ವಾಟ್.

ಏನು ನೋಡಬೇಕು? ಇಳಿಯುವಾಗ ಎರಡು ಮಂಡಿಯೂ ಹತ್ತಿರ ಬರುತ್ತವಾ. ಒಂದು ಕಾಲು ಮೊದಲು ನೆಲ ಮುಟ್ಟುತ್ತಾ. ಮಂಡಿ ಮಡಚದೆ ಕಾಲು ಕಂಬದಂತೆ ನೆಟ್ಟಗಿರುತ್ತಾ. ಸದ್ದು ಎಷ್ಟು. ಕಿವಿಯೂ ಇಲ್ಲಿ ಕೆಲಸಕ್ಕೆ ಬರುತ್ತೆ. ದಪ್ ಅಂತ ಸದ್ದಾದರೆ ಮಂಡಿ ಮಡಚಿಲ್ಲ ಅಂತ ಅರ್ಥ.

ಒಂದು ಎಚ್ಚರಿಕೆ. ಈ ವಿಡಿಯೋ ನೋಡಿ "ಇವಳಿಗೆ ಎಸಿಎಲ್ ಹರಿಯುತ್ತೆ, ಅವಳಿಗೆ ಹರಿಯಲ್ಲ" ಅಂತ ಭವಿಷ್ಯ ಹೇಳಬೇಡಿ. ಅಷ್ಟು ಖಚಿತವಾಗಿ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಚೆನ್ನಾಗಿ ಇಳಿದವಳಿಗೂ ಹರಿಯಬಹುದು. ಹಾಗಾಗಿ ತಂಡದ ಎಲ್ಲರೂ ಮಾಡಬೇಕು, ಗೋಲ್‌ಕೀಪರ್‌ಗಳೂ ಸೇರಿ. ವಿಡಿಯೋ ಇರುವುದು ಹುಡುಗಿಗೆ ತೋರಿಸಲಿಕ್ಕೆ. "ಮಂಡಿ ಒಳಗೆ ಹೋಗ್ತಿದೆ" ಅಂತ ನಾನು ಹತ್ತು ಸಲ ಹೇಳಿದರೆ ತಲೆ ಆಡಿಸುತ್ತಾರೆ. ತಮ್ಮದೇ ಕಾಲನ್ನು ಸ್ಲೋ ಮೋಷನ್‌ನಲ್ಲಿ ನೋಡಿದಾಗ "ಅಯ್ಯೋ ಅಕ್ಕಾ, ಇದು ನಾನಾ!" ಅಂತಾರೆ. ಆಮೇಲೆ ಹೇಳುವ ಕೆಲಸ ಕಡಿಮೆ.

ಇಪ್ಪತ್ತು ನಿಮಿಷದ ಲೆಕ್ಕ

11+ನಲ್ಲಿ ಮೂರು ಭಾಗ: 8 ನಿಮಿಷ ಓಟ, 10 ನಿಮಿಷ ಬಲ-ಬ್ಯಾಲೆನ್ಸ್-ಜಿಗಿತ, 2 ನಿಮಿಷ ಜೋರು ಓಟ. ವಾರಕ್ಕೆ ಕನಿಷ್ಠ ಎರಡು ಸಲ.

ಓಟದ ಭಾಗ ಸುಲಭ. ಐದಾರು ಮೀಟರ್‌ಗೆ ಒಂದರಂತೆ ಆರು ಜೋಡಿ ಕೋನ್ ಇಡಿ. ಇಬ್ಬಿಬ್ಬರು ಒಳಗಿನಿಂದ ಓಡಿ ಹೋಗಿ ಹೊರಗಿನಿಂದ ವಾಪಸ್ ಬರಬೇಕು. ನೇರ ಓಟ, ಮಂಡಿ ಎತ್ತಿ ಹೊರಗೆ ತಿರುಗಿಸುವುದು, ಒಳಗೆ ತಿರುಗಿಸುವುದು, ಜೊತೆಗಾತಿಯ ಸುತ್ತ ಸುತ್ತುವುದು, ಹಾರಿ ಭುಜಕ್ಕೆ ಭುಜ ತಾಗಿಸುವುದು, ಮುಂದೆ ಓಡಿ ಹಿಂದೆ ಸರಿಯುವುದು. ಇದನ್ನು ಹುಡುಗಿಯರು ನಗುನಗುತ್ತಾ ಮಾಡುತ್ತಾರೆ. ಭುಜ ತಾಗಿಸುವ ಹೊತ್ತಿಗೆ ಗಲಾಟೆ ಶುರು. ಗಲಾಟೆ ಇರಲಿ, ಆದರೆ ನೆಲಕ್ಕೆ ಇಳಿಯುವಾಗ ಎರಡೂ ಮಂಡಿ ಮಡಚಿರಬೇಕು. ಅಲ್ಲಿ ಮಾತ್ರ ಬಿಡಬೇಡಿ.

ಎರಡನೇ ಭಾಗವೇ ಔಷಧಿ. ಎಲ್ಲರೂ ಹಾರಿಸಲು ನೋಡುವುದೂ ಇದನ್ನೇ. ಮುಂದಿನ ಪ್ಲಾಂಕ್ (ಮುಂಗೈ ಊರಿ ಮೈ ನೇರ ಎತ್ತಿ ಹಿಡಿಯುವುದು), ಪಕ್ಕದ ಪ್ಲಾಂಕ್, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಮಾಂಸಖಂಡ), ಒಂಟಿ ಕಾಲಿನ ನಿಲುವು, ಸ್ಕ್ವಾಟ್, ಜಿಗಿತ. ಆರಕ್ಕೂ ಮೂರು ಮೂರು ಹಂತ. ಎಲ್ಲರನ್ನೂ ಮೊದಲ ಹಂತದಿಂದ ಶುರುಮಾಡಿಸಿ, ಸೀನಿಯರ್ ತಂಡದವರನ್ನೂ. ಸರಿಯಾಗಿ ಬಂದ ಮೇಲೆ ಮುಂದಿನ ಹಂತ. ಇದರಲ್ಲಿ ಹ್ಯಾಮ್‌ಸ್ಟ್ರಿಂಗ್ ಮತ್ತು ಜಿಗಿತದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಉಳಿದದ್ದು 11+ನ ಚಿತ್ರ ನೋಡಿದರೆ ಗೊತ್ತಾಗುತ್ತೆ.

ಹ್ಯಾಮ್‌ಸ್ಟ್ರಿಂಗ್‌ಗೆ ಮಾಡುವ ನಾರ್ಡಿಕ್: ಹುಡುಗಿ ಮಂಡಿಯೂರಿ ನಿಲ್ಲಬೇಕು. ಗ್ರೌಂಡ್ ಗಟ್ಟಿ ಇದ್ದರೆ ಮಂಡಿ ಕೆಳಗೆ ನಾಲ್ಕು ಬಿಬ್ (ಪ್ರಾಕ್ಟೀಸ್‌ನಲ್ಲಿ ಜೆರ್ಸಿ ಮೇಲೆ ಹಾಕುವ ಬನಿಯನ್ನು) ಮಡಚಿ ಹಾಕಿ, ಇಲ್ಲದಿದ್ದರೆ ಮಂಡಿ ನೋವು ಅಂತ ಅರ್ಧಕ್ಕೇ ಏಳುತ್ತಾರೆ. ಜೊತೆಗಾತಿ ಹಿಂದೆ ಕೂತು ಎರಡೂ ಕಣಕಾಲನ್ನು ಮೈಭಾರ ಹಾಕಿ ಒತ್ತಿ ಹಿಡಿಯಬೇಕು. ಇಲ್ಲಿ ಹಗುರವಾಗಿ ಹಿಡಿದರೆ ಇಬ್ಬರೂ ಬೀಳುತ್ತಾರೆ. ಈಗ ತಲೆಯಿಂದ ಮಂಡಿಯವರೆಗೆ ಮೈ ನೇರ ಇಟ್ಟುಕೊಂಡು, ಸೊಂಟ ಮುರಿಯದೆ, ನಿಧಾನವಾಗಿ ಮುಂದಕ್ಕೆ ವಾಲುವುದು. ತೊಡೆಯ ಹಿಂಭಾಗ ಎಳೆಯುತ್ತೆ. ತಡೆಯಲು ಆಗದೇ ಇದ್ದಾಗ ಎರಡೂ ಕೈ ಊರಿ ನೆಲಕ್ಕೆ ಇಳಿಯುವುದು. ಕೈಯಿಂದ ತಳ್ಳಿಕೊಂಡು ಮೇಲೆ ಬಂದರೆ ಒಂದಾಯಿತು.

ಶುರುವಿಗೆ ಮೂರರಿಂದ ಐದು ಸಾಕು. ಮುಂದಿನ ಹಂತದಲ್ಲಿ ಏಳರಿಂದ ಹತ್ತು. ಮೊದಲ ವಾರ ತೊಡೆ ಹಿಡಿದುಕೊಂಡು "ಅಕ್ಕಾ, ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ" ಅಂತ ಬರುತ್ತಾರೆ. ಅದು ಸಹಜ, ಎರಡು ದಿನದಲ್ಲಿ ಹೋಗುತ್ತೆ. ಅದಕ್ಕೇ ಮ್ಯಾಚ್ ಇರುವ ವಾರ ಇದನ್ನು ಹೊಸದಾಗಿ ಶುರುಮಾಡಬೇಡಿ. ಸೀಸನ್‌ಗೆ ಮೊದಲೇ ಶುರುವಾಗಿರಲಿ. ನಾರ್ಡಿಕ್ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿಯುತ್ತೆ ಅನ್ನುವುದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿ ಸಿಕ್ಕ ಲೆಕ್ಕ. ಜೊತೆಗೆ, ಹ್ಯಾಮ್‌ಸ್ಟ್ರಿಂಗ್ ಬಲವಾಗಿದ್ದರೆ ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಅದೂ ಎಳೆದು ಹಿಡಿಯುತ್ತೆ. ಎಸಿಎಲ್ ಮಾಡುವ ಕೆಲಸವೂ ಅದೇ.

ಜಿಗಿತದಲ್ಲಿ ಎತ್ತರ ಮುಖ್ಯ ಅಲ್ಲ, ಇಳಿಯುವುದು ಮುಖ್ಯ. "ಮಂಡಿ ವ್ಯಾಲ್ಗಸ್ ಆಗ್ತಿದೆ, ಗ್ಲೂಟ್ಸ್ ಬಳಸಿ" ಅಂತ ಕೂಗಿದರೆ ಹದಿಮೂರು ವರ್ಷದವಳಿಗೆ ಏನು ಅರ್ಥವಾಗಬೇಕು? ನಾನು ಹೇಳುವುದು ಎರಡೇ: "ಬೆಕ್ಕಿನ ಹಾಗೆ ಇಳಿ, ನನಗೆ ಸದ್ದು ಕೇಳಬಾರದು." ಆಮೇಲೆ, "ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಲಿ." ಇಳಿದು ಎರಡು ಸೆಕೆಂಡ್ ಅಲುಗಾಡದೆ ನಿಲ್ಲಬೇಕು. ನೇರ ಜಿಗಿತ ಚೆನ್ನಾಗಿ ಬಂದ ಮೇಲೆ ಪಕ್ಕಕ್ಕೆ ಒಂಟಿ ಕಾಲಿನಲ್ಲಿ. ಅದೂ ಬಂದ ಮೇಲೆ ಹಾರುವಾಗ ನೀವು ಬಾಲ್ ಎಸೆಯಿರಿ. ಮ್ಯಾಚಿನಲ್ಲಿ ಯಾರೂ ತಮ್ಮ ಮಂಡಿ ನೋಡಿಕೊಂಡು ಆಡುವುದಿಲ್ಲ, ಕಣ್ಣು ಬಾಲಿನ ಮೇಲಿರುತ್ತೆ. ಅಭ್ಯಾಸವೂ ಅಲ್ಲಿಗೆ ಮುಟ್ಟಬೇಕು.

ಮೂರನೇ ಭಾಗದಲ್ಲಿ ಗ್ರೌಂಡಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಮುಕ್ಕಾಲು ವೇಗದ ಓಟ, ಉದ್ದುದ್ದ ಹೆಜ್ಜೆಯ ಜಿಗಿತದ ಓಟ, ಕೊನೆಗೆ ಓಡಿಬಂದು ಕಾಲೂರಿ ದಿಕ್ಕು ಬದಲಿಸುವುದು. ಈ ಕೊನೆಯದನ್ನು ಅವಸರದಲ್ಲಿ ಮುಗಿಸಬೇಡಿ. ಒಂದೇ ದೊಡ್ಡ ಹೆಜ್ಜೆಯಲ್ಲಿ ಬ್ರೇಕ್ ಹಾಕುವ ಬದಲು ಮೂರು ನಾಲ್ಕು ಸಣ್ಣ ಹೆಜ್ಜೆ ಹಾಕಿ, ಸೊಂಟ ತಗ್ಗಿಸಿ, ಆಮೇಲೆ ತಿರುಗಬೇಕು. ಪ್ರೆಸ್ ಮಾಡುವಾಗ ಬೇಕಾಗುವುದೇ ಇದು.

ಸೀಸನ್ ಪೂರ್ತಿ ನಡೆಸುವುದು

ಕಷ್ಟ ಇರುವುದು ಇಲ್ಲಿ. ಜೂನ್‌ನಲ್ಲಿ ಎಲ್ಲರೂ ಮಾಡುತ್ತಾರೆ, ಟೂರ್ನಮೆಂಟ್ ಬಂದ ತಕ್ಷಣ ಬಿಡುತ್ತಾರೆ. ಸ್ವೀಡನ್ನಿನ ಅಧ್ಯಯನದಲ್ಲೂ ಚೆನ್ನಾಗಿ ಪಾಲಿಸಿದ ಹುಡುಗಿಯರಿಗೇ ಲಾಭ ಜಾಸ್ತಿ, ಆಗೊಮ್ಮೆ ಈಗೊಮ್ಮೆ ಮಾಡಿದವರಿಗೆ ಅಷ್ಟಕ್ಕಷ್ಟೆ.

"ಗ್ರೌಂಡ್ ಸಿಗೋದೇ ಒಂದೂವರೆ ಗಂಟೆ ಮೇಡಂ, ಇಪ್ಪತ್ತು ನಿಮಿಷ ಇದಕ್ಕೇ ಹೋದ್ರೆ?" ನ್ಯಾಯವಾದ ಮಾತು. ಬೆಂಗಳೂರಿನಲ್ಲಿ ಟರ್ಫ್ ಬಾಡಿಗೆ ಗಂಟೆ ಲೆಕ್ಕ. ದಾರಿ ಇದೆ. ಓಟದ ಎರಡು ಭಾಗ ಗ್ರೌಂಡಿನಲ್ಲಿ ಮಾಡಿಸಿ. ಎರಡನೇ ಭಾಗವನ್ನು ಪ್ರಾಕ್ಟೀಸ್ ಮುಗಿದ ಮೇಲೆ ಗ್ರೌಂಡಿನ ಹೊರಗೆ, ಹಾಸ್ಟೆಲ್ ಜಗಲಿಯಲ್ಲಿ, ಪಾರ್ಕಿಂಗ್‌ನಲ್ಲಿ, ಎಲ್ಲಿ ಬೇಕಾದರೂ ಮಾಡಬಹುದು. ಆಸ್ಟ್ರೇಲಿಯಾದಲ್ಲಿ ಗಂಡಸರ ತಂಡಗಳಲ್ಲಿ ಹೀಗೆ ಎರಡನೇ ಭಾಗವನ್ನು ಕೊನೆಗೆ ಹಾಕಿ ನೋಡಿದ್ದಾರೆ. ದೊಡ್ಡ ಗಾಯಗಳು ಇನ್ನೂ ಕಡಿಮೆಯಾದವು, ಮಾಡುವವರ ಸಂಖ್ಯೆಯೂ ಹೆಚ್ಚಿತು. ಮ್ಯಾಚಿನ ದಿನ ಎರಡನೇ ಭಾಗ ಬೇಡ. ಮೊದಲನೆಯದು, ಮೂರನೆಯದು ಮಾತ್ರ.

ನಮ್ಮ ತಂಡದಲ್ಲಿ ಮಂಗಳವಾರ ಮತ್ತು ಗುರುವಾರ ಪೂರ್ತಿ. ನಡೆಸಿಕೊಡುವವಳು ಕ್ಯಾಪ್ಟನ್, ಕೋಚ್ ಎದುರಿಗೆ ನಿಂತು ಮಂಡಿ ನೋಡುತ್ತಾರೆ. ಪಕ್ಕದಲ್ಲಿ ನಿಂತರೆ ಮಂಡಿ ಒಳಗೆ ಹೋಗುವುದು ಕಾಣುವುದಿಲ್ಲ, ಎದುರಿಗೇ ನಿಲ್ಲಬೇಕು. ಫೋನ್ ಜೇಬಿನಲ್ಲಿ. ಕೋಚ್ ಫೋನ್ ತೆಗೆದರೆ ಹುಡುಗಿಯರ ಪ್ಲಾಂಕ್ ಅದೇ ಕ್ಷಣ ನೆಲಕ್ಕಿಳಿಯುತ್ತೆ, ನೀವೇ ನೋಡಿ.

ಹದಿನಾರು ದಾಟಿ ಮೇಲಿನ ಮಟ್ಟದಲ್ಲಿ ಆಡುವವರಿಗೆ 11+ ಒಂದೇ ಸಾಲದು. ವಾರಕ್ಕೆ ಎರಡು ದಿನ ಭಾರ ಎತ್ತಬೇಕು: ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ಇಳಿಯುವುದು), ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು. ತೊಡೆಸಂದಿಗೆ ಕೋಪನ್‌ಹೇಗನ್ ಪ್ಲಾಂಕ್: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಜೊತೆಗಾತಿ ಹಿಡಿದುಕೊಂಡಾಗ ಆ ಕಾಲಿನ ಬಲದ ಮೇಲೆ ಮೈ ಎತ್ತುವುದು. ಮೊದಲು ಮಂಡಿಯ ಹತ್ತಿರ ಹಿಡಿಸಿ, ಬಲ ಬಂದ ಮೇಲೆ ಕಣಕಾಲಿನ ಹತ್ತಿರ. ಅಪ್ಪ-ಅಮ್ಮ "ಭಾರ ಎತ್ತಿದ್ರೆ ಮೈ ಗಂಡಸರ ಥರ ಆಗುತ್ತಂತೆ" ಅಂತ ಬರುತ್ತಾರೆ. ಕೂರಿಸಿ ಸಮಾಧಾನವಾಗಿ ಹೇಳಿ, ಹಾಗೇನೂ ಆಗಲ್ಲ.

ಗ್ರೌಂಡಿನ ಹೊರಗಿನ ಲೆಕ್ಕ

ಚೆನ್ನಾಗಿ ಆಡುವ ಹುಡುಗಿ ಒಬ್ಬಳೇ, ಅವಳು ಬೇಕಾದವರು ನಾಲ್ಕು ಜನ. ಶಾಲೆಗೆ ಸುಬ್ರತೋ ಕಪ್, ಕ್ಲಬ್‌ಗೆ ಲೀಗ್, ಜಿಲ್ಲೆಗೆ ಸೆಲೆಕ್ಷನ್, ಭಾನುವಾರ ಯಾರೋ ಕರೆದ ಫೈವ್ಸ್ ಟೂರ್ನಮೆಂಟ್. ಯಾವ ಕೋಚ್‌ಗೂ ಒಟ್ಟು ಲೆಕ್ಕ ಗೊತ್ತಿರುವುದಿಲ್ಲ. ಪ್ರತಿ ರಾತ್ರಿ ವಾಟ್ಸಾಪ್‌ನಲ್ಲಿ ಎರಡು ಅಂಕಿ ಹಾಕಿಸಿ: ಎಷ್ಟು ನಿಮಿಷ ಆಡಿದೆ, ಹತ್ತಕ್ಕೆ ಎಷ್ಟು ಸುಸ್ತು. ಎರಡನ್ನೂ ಗುಣಿಸಿ, ವಾರದ ಮೊತ್ತ ಬರೆದಿಡಿ. ಮೊತ್ತ ಹಿಂದಿನ ವಾರಗಳಿಗಿಂತ ಥಟ್ಟನೆ ಜಿಗಿದರೆ ಆ ವಾರ ಯಾವುದಾದರೂ ಒಂದನ್ನು ಬಿಡಿಸಿ. ಸುಮ್ನೆ ಬಿಡಿಸಿದರೆ ಜಗಳವಾಗುತ್ತೆ, ಮೊತ್ತ ತೋರಿಸಿದರೆ ಬೇರೆ ಕೋಚ್‌ಗಳೂ ಒಪ್ಪುತ್ತಾರೆ. ಎಲ್ಲರೂ ಅಲ್ಲ.

ಊಟ. ಬೆಳಿಗ್ಗೆ ಒಂದು ಲೋಟ ಟೀ, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಸಂಜೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಪ್ರಾಕ್ಟೀಸ್. ಇದು ನಾನು ಕಾಣುವ ಮಾಮೂಲಿ ದಿನ. ಪ್ರಾಕ್ಟೀಸ್‌ಗೆ ಮುಂಚೆ ಬಾಳೆಹಣ್ಣೋ ಕಡಲೆ ಮಿಠಾಯಿಯೋ, ಮುಗಿದ ಮೇಲೆ ಮೊಟ್ಟೆಯೋ ಹಾಲೋ, ರಾತ್ರಿ ಮುದ್ದೆ-ಸೊಪ್ಪಿನ ಸಾರು ಇದ್ದರೆ ಬಹಳ ಬದಲಾಗುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಭಾರತದ ಹುಡುಗಿಯರಲ್ಲಿ 59% ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ತೋರಿಸುವ ರಕ್ತ ಪರೀಕ್ಷೆ) ಕೂಡ ಸೀಸನ್ ಶುರುವಿಗೆ ಮಾಡಿಸಿ. ದ್ವಿತೀಯಾರ್ಧದಲ್ಲಿ ನಿಧಾನವಾಗುವ ಹುಡುಗಿಯನ್ನು ಸೋಮಾರಿ ಅಂತ ಬೈಯುವ ಮೊದಲು ಆ ರಿಪೋರ್ಟ್ ನೋಡಿ.

ಮುಟ್ಟಿನ ವಿಷಯ ಕೇಳಲೇಬೇಕು. ಕೋಚ್ ಗಂಡಸಾದರೆ ಫಿಸಿಯೋನೋ ಮ್ಯಾನೇಜರ್ ಅಕ್ಕನೋ ಕೇಳಲಿ, ಆದರೆ ಯಾರಾದರೊಬ್ಬರು ಕೇಳಬೇಕು. ತಿಂಗಳಿನ ಯಾವ ದಿನಗಳಲ್ಲಿ ಎಸಿಎಲ್ ಹರಿಯುತ್ತೆ ಅಂತ ಕ್ಯಾಲೆಂಡರ್ ಹಾಕಿಕೊಂಡು ಟ್ರೇನಿಂಗ್ ಬದಲಿಸುವಷ್ಟು ಪುರಾವೆ ಇಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಮುಟ್ಟು ನಿಂತು ಹೋಗಿದೆಯಾ ಅನ್ನುವುದು. ಮೂರು ತಿಂಗಳು ಆಗಿಲ್ಲ, ಅಥವಾ ಹದಿನೈದು ತುಂಬಿದರೂ ಶುರುವೇ ಆಗಿಲ್ಲ ಅಂದರೆ ಡಾಕ್ಟರ್ ಹತ್ತಿರ ಕಳಿಸಿ. ಆಡುವಷ್ಟು ತಿನ್ನದೇ ಇದ್ದಾಗ ಮೈ ಮೊದಲು ನಿಲ್ಲಿಸುವುದು ಇದನ್ನೇ. ಆಮೇಲೆ ಮೂಳೆಯ ಸರದಿ: ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು, ತಿಂಗಳುಗಟ್ಟಲೆ ರೆಸ್ಟ್. ಮುಟ್ಟು ನಿಂತರೆ "ಒಳ್ಳೇದೇ ಆಯ್ತು, ಟೂರ್ನಮೆಂಟ್‌ನಲ್ಲಿ ತೊಂದರೆ ಇಲ್ಲ" ಅನ್ನುವ ಹುಡುಗಿಯರೇ ಜಾಸ್ತಿ, ಅದಕ್ಕೇ ಹೇಳಿದೆ.

ಬೂಟು ಬೇಗ ಮುಗಿಸುತ್ತೇನೆ. ಡಬ್ಬದ ಮೇಲೆ ಎಫ್‌ಜಿ ಅಂತಿದ್ದರೆ ಹುಲ್ಲಿನ ಗ್ರೌಂಡಿಗೆ, ಎಜಿ ಅಥವಾ ಟಿಎಫ್ ಅಂತಿದ್ದರೆ ಆರ್ಟಿಫಿಶಿಯಲ್ ಟರ್ಫ್‌ಗೆ. ಉದ್ದ ಬ್ಲೇಡ್ ಸ್ಟಡ್ ಹಾಕಿ ಟರ್ಫ್ ಮೇಲೆ ಆಡಿದರೆ ಪಾದ ಕಚ್ಚಿಕೊಳ್ಳುತ್ತೆ, ಮಂಡಿ ತಿರುಗುತ್ತೆ. ಅಣ್ಣನ ಬೂಟಿಗೆ ಎರಡು ಸಾಕ್ಸ್ ಹಾಕಿಕೊಂಡು ಬಂದವಳನ್ನು ಆ ದಿನ ಓಡಿ ದಿಕ್ಕು ಬದಲಿಸುವ ಡ್ರಿಲ್‌ಗೆ ಇಳಿಸಬೇಡಿ.

ಆದರೂ ಹರಿದರೆ

"ಟಪ್ ಅಂತ ಸದ್ದಾಯ್ತು" ಅಂದಳು, ಒಂದೆರಡು ಗಂಟೆಯಲ್ಲಿ ಮಂಡಿ ಊದಿತು. ಇವೆರಡು ಇದ್ದರೆ ಎಸಿಎಲ್ ಅಂತಲೇ ಅನುಮಾನ ಪಡಿ. ಅರ್ಧ ಗಂಟೆಯಲ್ಲಿ ನಡೆಯಲು ಬಂದರೂ ವಾಪಸ್ ಆಡಿಸಬೇಡಿ. ಐಸ್, ಬ್ಯಾಂಡೇಜ್, ಊರುಗೋಲು, ಮೂಳೆ ಡಾಕ್ಟರ್, ಅವರು ಹೇಳಿದರೆ ಎಂಆರ್‌ಐ. ಎಣ್ಣೆ ಹಚ್ಚಿ ಉಜ್ಜುವುದು, ನಾಟಿ ಕಟ್ಟು ಕಟ್ಟಿಸುವುದು ಬೇಡ. ಹರಿದ ಲಿಗಮೆಂಟ್ ಕಟ್ಟಿನಿಂದ ಕೂಡುವುದಿಲ್ಲ, ಅಷ್ಟರಲ್ಲಿ ತೊಡೆ ಸೊರಗಿ, ಪಕ್ಕದ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಕೂಡ ಹಾಳಾಗುತ್ತೆ.

ಆಪರೇಷನ್ ಆದರೆ ಒಂಬತ್ತು ತಿಂಗಳಿಗೆ ಮುಂಚೆ ಮ್ಯಾಚ್ ಇಲ್ಲ. ಸೆಲೆಕ್ಷನ್ ಇದ್ದರೂ ಇಲ್ಲ. ಇಪ್ಪತ್ತೈದರೊಳಗಿನವರು ಆಟಕ್ಕೆ ಮರಳಿದಾಗ ಹತ್ತಿರತ್ತಿರ ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಎಸಿಎಲ್ ಹರಿಯುತ್ತೆ, ಅದೇ ಮಂಡಿಯಲ್ಲಿ ಅಥವಾ ಇನ್ನೊಂದರಲ್ಲಿ. ತಿಂಗಳು ತುಂಬಿದರೆ ಸಾಲದು, ಆಪರೇಷನ್ ಆದ ಕಾಲಿನ ಬಲವೂ ಒಂಟಿ ಕಾಲಿನ ಜಿಗಿತದ ದೂರವೂ ಇನ್ನೊಂದು ಕಾಲಿನ 90%ಗೆ ಬಂದಿರಬೇಕು. ಮೊದಲು ಪೂರ್ತಿ ಪ್ರಾಕ್ಟೀಸ್ ಕೆಲವು ವಾರ, ಆಮೇಲೆ ಕೊನೆಯ ಹದಿನೈದು ನಿಮಿಷಕ್ಕೆ ಬದಲಿ ಆಟಗಾರ್ತಿಯಾಗಿ, ಆಮೇಲೆ ಅರ್ಧ ಮ್ಯಾಚ್. ಮಂಗಳವಾರ, ಗುರುವಾರದ 11+ನಲ್ಲಿ ಅವಳಿಗೆ ರಿಯಾಯಿತಿ ಇಲ್ಲ, ಎರಡೂ ಕಾಲಿಗೆ ಸಮಸಮ ಮಾಡಿಸಿ.